ಓವರ್ ಅಂದ ಮೇಲೆ

ಮೀನಿನ ಬೋಟೊಂದರ ವೈರ್‌ಲೆಸ್ ಸೆಟ್ಟಿಗೆ ಬಾಯಿಯೂ ಇತ್ತು, ಕಿವಿಯೂ ಇತ್ತು. ಆದರೆ ಗುಂಡಿ ಒತ್ತಿ ಮಾತಾಡುವಷ್ಟು ಹೊತ್ತು ಕಿವಿ ಮುಚ್ಚಿಕೊಳ್ಳುತ್ತಿತ್ತು. ಮಂಜು ಕವಿದ ಒಂದು ಬೆಳಿಗ್ಗೆ ಬೋಟು ನದಿ ಕಡಲು ಸೇರುವ ಅಳಿವೆಯ ಕಡೆ ಮರಳುತ್ತಿದ್ದಾಗ ಸೆಟ್ಟು ಗುಂಡಿ ಬಿಡದೆ ಕೂಗುತ್ತಿತ್ತು: "ಮುಂದಿನ ಬೋಟಿನವರೇ, ಅಳಿವೆಯಲ್ಲಿ ದಾರಿ ಹೇಗಿದೆ? ಓವರ್. ಕೇಳಿಸುತ್ತಿದೆಯೇ? ಓವರ್. ಏನು, ಎಲ್ಲರೂ ಕಿವುಡರೇ? ಓವರ್."

ಏರಿಯಲ್ ಮೇಲೆ ಕೂತಿದ್ದ ಕಡಲಹಕ್ಕಿ ಕೊರಳು ಬಗ್ಗಿಸಿತು. "ಅಣ್ಣಾ, ಈ ಓವರ್ ಎಂದರೇನು?"

"ನನ್ನ ಮಾತು ಮುಗಿಯಿತು, ಇನ್ನು ನೀನು ಹೇಳು ಎಂದರ್ಥ."

"ಹಾಗೆಂದ ಮೇಲೆ ಎಷ್ಟು ಹೊತ್ತು ಕಾಯಬೇಕು?"

"ಉತ್ತರವೇ ಬರುತ್ತಿಲ್ಲ, ಕಾದು ಏನು ಮಾಡಲಿ?"

"ವಿಚಿತ್ರ! ನಾನು ಆ ಬೋಟಿನಿಂದಲೇ ಹಾರಿ ಬಂದೆ. ಅಲ್ಲಿಯ ಸೆಟ್ಟು ನಿನ್ನನ್ನೇ ಕೂಗಿ ಕರೆಯುತ್ತಿದೆ. ಅದೇನೋ ಮರಳು ಎಂದು..."

"ಸುಳ್ಳು! ಕರೆದಿದ್ದರೆ ನನಗೆ ಕೇಳಿಸುತ್ತಿರಲಿಲ್ಲವೇ? ಬೇಕಾದರೆ ಅವನನ್ನೇ ವಿಚಾರಿಸೋಣ." ಸೆಟ್ಟು ಗುಂಡಿಯನ್ನು ಇನ್ನೂ ಬಲವಾಗಿ ಒತ್ತಿತು. "ಏನಯ್ಯಾ, ನೀನು ನನ್ನನ್ನು ಕರೆದದ್ದು ನಿಜವೇ? ಓವರ್. ಬಾಯಿ ಬಿಡು! ಓವರ್."

ಅಷ್ಟರಲ್ಲಿ ಬೋಟಿನ ತಳ ಕರಕರನೆ ಮರಳುದಿಬ್ಬಕ್ಕೆ ಸಿಕ್ಕಿ ನಿಂತುಬಿಟ್ಟಿತು. ಕುಲುಕಿದ ರಭಸಕ್ಕೆ ಒತ್ತಿದ್ದ ಗುಂಡಿ ಬಿಟ್ಟುಹೋಯಿತು. ಆ ಮೌನದಲ್ಲಿ ದಣಿದ ದನಿಯೊಂದು ಸ್ಪಷ್ಟವಾಗಿ ಕೇಳಿಸಿತು: "ಎಡಕ್ಕೆ ಮರಳುದಿಬ್ಬ ಎದ್ದಿದೆ, ಬಲಕ್ಕೆ ಬಾ. ಇದು ಮೂವತ್ತನೆಯ ಸಲ ಹೇಳುತ್ತಿದ್ದೇನೆ. ಓವರ್."

ಹಕ್ಕಿ ಸ್ವಲ್ಪ ಹೊತ್ತು ಕಾದು ಕೇಳಿತು, "ಅಣ್ಣಾ, ಅವನು ಓವರ್ ಅಂದನಲ್ಲ, ಈಗ ನಿನ್ನ ಸರದಿ. ಯಾಕೆ ಸುಮ್ಮನಾದೆ?"