ನೇರಳೆ ಮರದ ಹೊಸ ನಿಯಮ

ತನ್ನ ಬೀಜಗಳು ದೂರದೂರ ಹೋಗಲಿ ಎಂದು ನೇರಳೆ ಮರವೊಂದು ಗೊರವಂಕ ಹಕ್ಕಿಯೊಡನೆ ಒಪ್ಪಂದ ಮಾಡಿಕೊಂಡಿತ್ತು. ಹಾದುಹೋಗುವ ಹಕ್ಕಿಗಳನ್ನು ಗೊರವಂಕ ಕೂಗಿ ಕರೆಯಬೇಕು; ಅದಕ್ಕೆ ಪ್ರತಿಯಾಗಿ ತುದಿಗೊಂಬೆಯ ಹಣ್ಣೆಲ್ಲ ಅದರದೇ. ಅದರ ಗೂಡಿನ ಮರಿಗಳು ಬೆಳೆಯುತ್ತಿದ್ದದ್ದು ಆ ಪಾಲಿನಿಂದ. ಆದರೆ ಪಾಲಿನ ವಿಷಯ ಯಾರಿಗೂ ತಿಳಿಯಬಾರದೆಂದು ಗೊರವಂಕ ಕರೆಯುವ ಮೊದಲು ತನ್ನ ಕೊಕ್ಕನ್ನು ತೊಗಟೆಗೆ ತಿಕ್ಕಿ ಒರೆಸಿಕೊಳ್ಳುತ್ತಿತ್ತು.

ಒಂದು ಬೆಳಿಗ್ಗೆ ಮರ ಹೇಳಿತು: "ನಿಯಮ ಬದಲಾಗಿದೆ. ಇನ್ನು ಮುಂದೆ ಕರೆಯುವಾಗ, 'ನನಗೂ ಪಾಲಿದೆ' ಎಂದು ಕೂಗಿ ಹೇಳಬೇಕು. ಹೇಳದಿದ್ದರೆ ಪಾಲಿಲ್ಲ."

ಗೊರವಂಕ ಕೆರಳಿತು. "ಹಾಗೆ ಹೇಳಿದರೆ ನನ್ನ ಮಾತನ್ನು ಯಾರು ನಂಬುತ್ತಾರೆ? ನನ್ನ ಮರಿಗಳ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೀಯೆ!" ಎಂದು ಬೈದು, ಬೇರೆ ಮರ ಹುಡುಕಿಕೊಂಡು ಹಾರಿತು. ಸುತ್ತಮುತ್ತ ಹಣ್ಣು ಬಿಟ್ಟ ಮರ ಇನ್ನೊಂದಿರಲಿಲ್ಲ. ಮರಿಗಳ ಚೀರಾಟ ತಡೆಯಲಾರದೆ ಸಂಜೆಗೆ ವಾಪಸು ಬಂತು.

ಅಷ್ಟರಲ್ಲಿ ಪಿಕಳಾರ ಹಕ್ಕಿಗಳ ಹಿಂಡೊಂದು ಆ ಕಡೆಗೆ ಬಂತು. ಗೊರವಂಕ ಕಣ್ಣು ಮುಚ್ಚಿಕೊಂಡು ಕೂಗಿತು: "ಬನ್ನಿ, ಹಣ್ಣು ಸಿಹಿಯಾಗಿದೆ! ನಿಮ್ಮನ್ನು ಕರೆದದ್ದಕ್ಕೆ ನನಗೂ ಪಾಲಿದೆ!"

ಕಣ್ಣು ಬಿಟ್ಟಾಗ ಹಿಂಡು ಕೊಂಬೆಗಳ ಮೇಲೆ ಕೂತಿತ್ತು. ಮುದಿ ಪಿಕಳಾರ ನಕ್ಕು ಹೇಳಿತು: "ಅದೇನು ಗುಟ್ಟೇ, ಮಗಳೇ? ನೀನು ಎಷ್ಟು ಒರೆಸಿಕೊಂಡರೂ ಆ ಹಳದಿ ಕೊಕ್ಕಿನ ಮೇಲೆ ನೇರಳೆಯ ಕಲೆ ಉಳಿದೇ ಇರುತ್ತಿತ್ತು. ಇಷ್ಟು ದಿನ ನಾವು ಇಳಿದು ಬಂದದ್ದು ಆ ಕಲೆ ನೋಡಿ, ನೀನೇ ತಿನ್ನುವ ಹಣ್ಣು ಚೆನ್ನಾಗಿರಲೇಬೇಕು ಎಂದು; ನಿನ್ನ ಕೂಗು ಕೇಳಿ ಅಲ್ಲ."

ಗೊರವಂಕ ನಿಟ್ಟುಸಿರು ಬಿಟ್ಟು, ತುದಿಗೊಂಬೆಯ ಹಣ್ಣೊಂದನ್ನು ಎಲ್ಲರ ಎದುರಿಗೇ ಕಚ್ಚಿಕೊಂಡು ಗೂಡಿಗೆ ಹಾರಿತು. ತಿರುಗಿ ಬಂದು ಮತ್ತೆ ಕರೆಯುವ ಮೊದಲು ಅದು ಕೊಕ್ಕು ಒರೆಸಿಕೊಳ್ಳಲಿಲ್ಲ.