ಮೊದಲೇ ತಿಳಿಸಿ ಬರುತ್ತಿದ್ದ ಆಮೆ

ಹೊಳೆಯ ನೀರನ್ನು ಪರೀಕ್ಷಿಸುವ ಅಧಿಕಾರ ಆಮೆಯದಾಗಿತ್ತು. ದಂಡೆಯ ಮೇಲೆ ಹಂದಿ ನಡೆಸುವ ಬಣ್ಣದ ಕಾರ್ಖಾನೆಯಿತ್ತು. ಪರೀಕ್ಷೆಗೆ ಬರುವ ಎಂಟು ದಿನ ಮೊದಲೇ ಆಮೆ ನೋಟಿಸು ಕಳಿಸುತ್ತಿತ್ತು. ಕಚೇರಿಯ ಪದ್ಧತಿ ಹಾಗಿತ್ತು. ಹಂದಿ ಪರೀಕ್ಷೆಯ ದಿನ ಮಾತ್ರ ನೀರು ಸೋಸುವ ಯಂತ್ರವನ್ನು ನಡೆಸುತ್ತಿತ್ತು; ಉಳಿದ ದಿನ ಬಣ್ಣದ ಕೆಂಪು ನೀರನ್ನು ಹಾಗೆಯೇ ಹೊಳೆಗೆ ಬಿಡುತ್ತಿತ್ತು.

"ಸ್ವಾಮಿ, ನನ್ನ ಮೊಟ್ಟೆಗಳೆಲ್ಲ ಆ ಕೆಂಪು ನೀರಿನಲ್ಲಿ ಸತ್ತವು. ಇನ್ನು ನನ್ನ ಸರದಿ. ಒಮ್ಮೆಯಾದರೂ ಹೇಳದೆ ಬನ್ನಿ," ಎಂದಿತು ಕಪ್ಪೆ.

"ನಾನು ನೋಡಿದಾಗಲೆಲ್ಲ ನೀರು ತಿಳಿಯಾಗಿಯೇ ಇದೆಯಲ್ಲ, ಕಪ್ಪಮ್ಮ?"

"ನೀವು ಬರುತ್ತೀರೆಂದು ಗೊತ್ತಾದರೆ ನಾನೂ ಮುಖ ತೊಳೆದು ಕೂರುತ್ತೇನೆ, ಸ್ವಾಮಿ."

ಆಮೆಗೆ ಆ ಮಾತು ಚುಚ್ಚಿತು. ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡು ಒಂದು ವರ್ಷ ಯೋಚಿಸಿತು. ಕೊನೆಗೊಂದು ಗುರುವಾರ ಹೇಳದೆ ಹೋಯಿತು. ಹೊಳೆ ಕೆಂಪಗಿತ್ತು. ಕಾರ್ಖಾನೆಗೆ ಹತ್ತು ದಿನ ಬೀಗ ಬಿತ್ತು. ಬೀಗ ತೆಗೆದ ಮೇಲೆ, ಆಮೆ ಮತ್ತೆ ಯಾವಾಗ ಹೇಳದೆ ಬಂದೀತೋ ಎಂಬ ಭಯದಿಂದ ಹಂದಿ ಯಂತ್ರವನ್ನು ನಿಲ್ಲಿಸಲೇ ಇಲ್ಲ.

ತಿಂಗಳೊಳಗೆ ನೀರು ತಿಳಿಯಾಯಿತು. ಸುದ್ದಿ ಹೇಳಲು ಆಮೆ ಕಪ್ಪೆಯನ್ನು ಕರೆಯುತ್ತ ದಂಡೆಯುದ್ದಕ್ಕೂ ನಡೆಯಿತು.

"ಕಪ್ಪೆ ಹೋದ ಬೇಸಿಗೆಯಲ್ಲೇ ಸತ್ತಿತು, ಸ್ವಾಮಿ," ಎಂದಿತು ಹಂದಿ. "ನೀವು ಆಗಲೇ ಹೀಗೆ ಬಂದಿದ್ದರೆ, ನಾನು ಆಗಲೇ ಯಂತ್ರ ನಡೆಸುತ್ತಿದ್ದೆ."