ಮಂಟಪಕ್ಕೆ ಮುಖ ತೋರಿಸಿದ್ದು

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ಚಿತ್ರಪಟಗಳಿಗೆ ಕಟ್ಟು ಹಾಕುವ ಅಂಗಡಿಯ ಹುಲಿಗೆಮ್ಮ. ಕೊಟ್ಟ ಚಿತ್ರ ಹೇಳಿದ ವಾರಕ್ಕೆ ಸಿಗಲಿಲ್ಲವೆಂದು ಜಗಳಕ್ಕೆ ಹೋಗಿದ್ದೆ. ಅವಳು ಸ್ಟೂಲು ಹಾಕಿ, ಚಹಾ ತರಿಸಿ, ಚಿತ್ರದ ಬದಲು ಕಥೆ ಕೊಟ್ಟು ಕಳಿಸಿದಳು. ಜಗಳ ಇನ್ನೂ ಬಾಕಿ ಇದೆ.

ಹೊಳೆಯ ದಂಡೆಯಲ್ಲೊಂದು ಆಶ್ರಮ. ಆಶ್ರಮವೆಂದರೆ ಎರಡು ಚಪ್ಪರ, ಒಂದು ಒಲೆ, ಎರಡು ಬೇವಿನ ಮರ. ಮರದಿಂದ ಮರಕ್ಕೆ ಎಳೆದು ಕಟ್ಟಿದ ಒಂದು ತಂತಿ.

ಆ ತಂತಿಯ ಮೇಲೆ ಚಿತ್ರಗಳು ಮಾರಾಟಕ್ಕೆ ತೂಗುತ್ತಿದ್ದವು. ಹುಣಸೆಬೀಜದ ಅಂಟು ಬಳಿದು ಒಣಗಿಸಿದ ಬಟ್ಟೆಯ ಮೇಲೆ ಕೆಮ್ಮಣ್ಣು, ಸುಣ್ಣ, ದೀಪದ ಮಸಿಯಲ್ಲಿ ಬರೆದ ಗುಡಿ, ಗೋಪುರ, ಗುಡ್ಡ, ಹೊಳೆಯ ತಿರುವು. ಯಾತ್ರೆಗೆ ಬಂದವರು ಕೊಳ್ಳುತ್ತಿದ್ದರು. ಒಲೆ ಉರಿಯುತ್ತಿದ್ದುದು ಅದರಿಂದಲೇ.

ಆಶ್ರಮದ ಪಂಚೆ, ಟವೆಲ್ಲುಗಳು ಒಣಗುತ್ತಿದ್ದುದೂ ಅದೇ ತಂತಿಯ ಮೇಲೆ. ಒಬ್ಬ ಯಾತ್ರಿಕ ಗುರುಗಳ ಪಂಚೆಯ ಮುಂದೆ ಬಹಳ ಹೊತ್ತು ತಲೆ ವಾಲಿಸಿ ನಿಂತು, ಕೊನೆಗೆ ಬೆಲೆ ಕೇಳಿದ್ದೂ ಉಂಟು.

ಗುರುಗಳ ಹೆಸರು ಹಾಲಯ್ಯ. ಎಲ್ಲರ ಬಾಯಲ್ಲಿ ಅಜ್ಜಾರು. ಕಣ್ಣಿಗೆ ಪೊರೆ ಬರತೊಡಗಿದ ಮೇಲೆ ಅವರು ಕುಂಚ ಕೆಳಗಿಟ್ಟಿದ್ದರು. ತಂತಿ ದಿನೇ ದಿನೇ ಬರಿದಾಗುತ್ತಿತ್ತು. ಅಡುಗೆ ಮಾಡುವವಳೂ ಚಿತ್ರ ಮಾರುವವಳೂ ಆದ ರುದ್ರವ್ವ ಹಿಟ್ಟಿನ ಡಬ್ಬಿಯನ್ನು ಬೇಕೆಂದೇ ಸಪ್ಪಳ ಮಾಡಿ ಮುಚ್ಚುತ್ತಿದ್ದಳು.

ಇದ್ದ ಶಿಷ್ಯ ಒಬ್ಬನೇ. ಕೊಟ್ರೇಶ. ತಾಲ್ಲೂಕು ಪಟ್ಟಣದಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದವನು, ಒಮ್ಮೆ ಈ ತಂತಿಯ ಮುಂದೆ ನಿಂತು, ನಿಂತವನು ಉಳಿದುಬಿಟ್ಟಿದ್ದ. ಬಂದ ಮೇಲೆ ಮಣ್ಣು ಅರೆದ, ಅಂಟು ಕುದಿಸಿದ, ಬಟ್ಟೆ ಬಿಗಿದ. ಈಗ ಬರೆಯುವ ಕೈಯೂ ಕೂತಿತ್ತು. ಆದರೆ ಅವನದೊಂದು ಚಿತ್ರವೂ ತಂತಿ ಏರಿರಲಿಲ್ಲ.

ಊರಿಂದ ಭಾವನ ಕರೆ ಬಂದಿತ್ತು. ಬೋರ್ಡಿನ ಅಂಗಡಿಗೆ ಪಾಲುದಾರ ಬೇಕು. ಕಾರ್ತಿಕ ಮುಗಿಯುವುದರೊಳಗೆ ಬಂದರೆ ನೀನು, ಇಲ್ಲವಾದರೆ ಬೇರೆಯವನು. ಕೊಟ್ರೇಶ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡ. ಅಷ್ಟರೊಳಗೆ ನನ್ನ ಚಿತ್ರ ತಂತಿ ಏರಿದರೆ ಇಲ್ಲೇ. ಏರದಿದ್ದರೆ ಚಿತ್ರ ಬರೆಯುವ ಕೈ ನನ್ನದಲ್ಲ ಅಂತ ತಿಳಿದು ಹೊರಟುಬಿಡುವುದು.

ಹೊಳೆಯ ಅಂಚಿಗೆ ಒಂದು ಹಳೇ ಕಲ್ಲುಮಂಟಪವಿತ್ತು. ಮುಂಭಾಗದ ಒಂದು ಕಂಬ ಹೊಳೆಯ ಕಡೆ ವಾಲಿತ್ತು. ನೆತ್ತಿಯ ಮೇಲೊಂದು ಅರಳಿಸಸಿ. ಕೊಟ್ರೇಶ ಅದನ್ನೇ ಬರೆದ. ನೀರಿನಂಚಿನ ಬಂಡೆಯ ಮೇಲೆ ಕೂತು, ಹೊಳೆಗೆ ಬೆನ್ನು ಹಾಕಿ, ಮೈಯೆಲ್ಲ ಕಣ್ಣಾಗಿ ಬರೆದು ಗುರುಗಳ ಮುಂದಿಟ್ಟ.

ಅಜ್ಜಾರು ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಮುಖ ತೋರಿಸಿದಿ?" ಅಂದರು.

ಅದು ಆಶ್ರಮದ ಪದ್ಧತಿ. ಯಾವುದನ್ನು ಬರೆದಿದೆಯೋ ಅದಕ್ಕೆ ಒಮ್ಮೆ ಚಿತ್ರದ ಮುಖ ತೋರಿಸದೆ ತಂತಿಗೆ ಹಾಕುವಂತಿಲ್ಲ. ಗುಡಿಯಾದರೆ ಗುಡಿಗೆ, ಗುಡ್ಡವಾದರೆ ಗುಡ್ಡಕ್ಕೆ. ಹೆಣ್ಣು ತೋರಿಸುವ ಶಾಸ್ತ್ರವಿದ್ದ ಹಾಗೆ. ಉಪ್ಪಿಟ್ಟಿಲ್ಲ ಅಷ್ಟೇ.

ಕೊಟ್ರೇಶ ಚಿತ್ರವನ್ನು ಹೊತ್ತುಕೊಂಡು ಹೋಗಿ ಮಂಟಪದ ಎದುರು ಎತ್ತಿ ಹಿಡಿದು ನಿಂತ. ಮೇಯುತ್ತಿದ್ದ ಮೇಕೆಗಳು ಮೇಯುವುದು ಬಿಟ್ಟು ಅವನನ್ನು ನೋಡಿದವು. ಅವನಿಗೆ ಮುಜುಗರವಾಗಿ ಬೇಗ ಬೇಗ ಸುತ್ತಿಕೊಂಡು ಬಂದ.

"ಏನಂತು?" ಅಂದರು ಅಜ್ಜಾರು.

"ಕಲ್ಲು ಐತ್ರಿ ಅಜ್ಜಾರ. ಏನಂತೈತಿ?"

"ಹಂಗಾದ್ರ ಇರಲಿ ಬಿಡು," ಅಂದು ಅಜ್ಜಾರು ಚಿತ್ರವನ್ನು ಸುರುಳಿ ಸುತ್ತಿ ಚಪ್ಪರದ ಗಳಕ್ಕೆ ಸಿಕ್ಕಿಸಿದರು.

ಎರಡನೆಯದನ್ನು ಕೊಟ್ರೇಶ ಹಟಕ್ಕೆ ಬಿದ್ದು ಬರೆದ. ಒಂದೊಂದು ಬಿರುಕೂ ಬಂತು. ಅರಳಿಸಸಿಯ ಒಂದೊಂದು ಎಲೆಯೂ ಬಂತು. ಕಂಬದ ಮೇಲೆ ಯಾರೋ ಪ್ರೇಮಿಗಳು ಕೆತ್ತಿದ ಹೆಸರನ್ನೂ ಬಿಡಲಿಲ್ಲ. ಎಷ್ಟೇ ಆಗಲಿ ಬೋರ್ಡು ಬರೆದ ಕೈ, ಅಕ್ಷರಗಳು ಮಾತ್ರ ಪ್ರೇಮಿಗಳು ಬರೆದದ್ದಕ್ಕಿಂತ ದುಂಡಗೆ ಬಂದವು.

ಈ ಸಲ ಹೋಗಿ ಬಂದವನು, ಅಜ್ಜಾರು ಕೇಳುವುದಕ್ಕೆ ಮುಂಚೆಯೇ ಹೇಳಿದ.

"ಬಾಳ ಚಲೋ ಐತಿ ಅಂತು."

ಅಜ್ಜಾರು ಹುಬ್ಬೇರಿಸಿದರು. "ನಿನ್ನ ಪುಣ್ಯ ಬಿಡು ತಮ್ಮಾ. ನಾ ಇಲ್ಲಿ ಬಂದಾಗಿಂದ ನನ್ನ ಒಂದು ಚಿತ್ರಾನೂ ಅದು ಚಲೋ ಐತಿ ಅಂದಿಲ್ಲ."

ರುದ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಸೆರಗು ಬಾಯಿಗೆ ಹಿಡಿದು ನಕ್ಕಳು. ಆ ಸುರುಳಿಯೂ ಗಳ ಸೇರಿತು.

ಕಾರ್ತಿಕ ಅರ್ಧ ಕಳೆದಿತ್ತು. ತಂತಿಯ ಮೇಲೆ ಅಜ್ಜಾರ ಒಂದು ಗುಡ್ಡ, ಒಂದು ಗೋಪುರ ಉಳಿದಿದ್ದವು. ಮಿಕ್ಕಿದ್ದೆಲ್ಲ ಪಂಚೆ.

ಮೂರನೆಯ ಚಿತ್ರಕ್ಕೆ ಕೊಟ್ರೇಶ ಬೇರೆ ದಾರಿ ಹಿಡಿದ. ಜನ ಏನು ಕೊಳ್ಳುತ್ತಾರೆ ಅನ್ನುವುದು ಬೋರ್ಡಿನವನಿಗೆ ಗೊತ್ತಿರದೆ ಯಾರಿಗೆ ಗೊತ್ತಿರುತ್ತದೆ? ವಾಲಿದ ಕಂಬವನ್ನು ನೆಟ್ಟಗೆ ಮಾಡಿದ. ಅರಳಿಸಸಿಯನ್ನು ಕಿತ್ತು ಅಲ್ಲೊಂದು ಕಳಸ ಇಟ್ಟ. ಹಿಂದೆ ಸೂರ್ಯನನ್ನು ಮುಳುಗಿಸಿದ. ಆ ದಿಕ್ಕಿನಲ್ಲಿ ಸೂರ್ಯ ಹುಟ್ಟಿದ್ದುಂಟು, ಮುಳುಗಿದ್ದು ಮಾತ್ರ ಇಲ್ಲ.

ಅದನ್ನು ಹೊತ್ತು ಮಂಟಪಕ್ಕೆ ಹೋಗುತ್ತಿರುವಾಗ ದಾರಿಯಲ್ಲಿ ಯಾತ್ರಿಕರ ಗುಂಪೊಂದು ಅಡ್ಡ ಬಂತು. ಒಬ್ಬ ಯಜಮಾನರು ಚಿತ್ರ ಬಿಚ್ಚಿಸಿ ನೋಡಿ, ಕೈಯಿಂದ ಕೆಳಗಿಳಿಸಲೇ ಇಲ್ಲ. ಇದು ನಮ್ಮ ಹಾಲ್‌ಗೆ ಹೇಳಿ ಮಾಡಿಸಿದ ಹಾಗಿದೆ, ಕೊಟ್ಟುಬಿಡು ಅಂದರು. ಆಮೇಲೆ, ಎಲ್ಲಿದೆ ಇದು, ನಾವು ನೋಡಲೇ ಇಲ್ಲವಲ್ಲ, ಅಂತ ಹೆಂಡತಿಯನ್ನು ಕೇಳಿದರು.

ಮಂಟಪ ಅವರ ಬೆನ್ನ ಹಿಂದೆಯೇ ಇತ್ತು.

ಕೊಟ್ರೇಶ ಕೈ ತೋರಿಸಿದ. ಯಜಮಾನರು ತಿರುಗಿ ಅದನ್ನು ನೋಡಿದರು, ಇದನ್ನು ನೋಡಿದರು. ಅದಕ್ಕಿಂತ ಇದೇ ವಾಸಿ ಅಂದರು.

ಮೆಚ್ಚುಗೆ ಹೌದು. ಆದರೆ ಕೊಟ್ರೇಶನಿಗೆ ಅದು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಾಯಿತು. ಆಶ್ರಮದ ಹತ್ತಿರ ಬನ್ನಿ, ಗುರುಗಳನ್ನು ಕೇಳಿ ಕೊಡುತ್ತೇನೆ ಅಂದವನು, ಮಂಟಪದ ಕಡೆ ಹೋಗದೆ ಬೇರೆ ದಾರಿ ಹಿಡಿದು ವಾಪಸ್ಸು ಬಂದ.

ಕೊಳ್ಳುವವರು ಇದ್ದಾರೆ ಅಂತ ಅಜ್ಜಾರಿಗೆ ತಿಳಿಸಿದ.

"ಮಂಟಪ ಏನಂತು?"

"ತೋರಿಸಿಲ್ರಿ."

"ಯಾಕ?"

ಕೊಟ್ರೇಶ ಚಿತ್ರವನ್ನು ಸುತ್ತತೊಡಗಿದ. "ನಾಚಿಕಿ ಬಂತ್ರಿ."

ಅಜ್ಜಾರು ಮೊದಲ ಸಲ ಅವನ ಭುಜದ ಮೇಲೆ ಕೈ ಇಟ್ಟರು.

"ಕಲ್ಲಿಗ ಯಾರರೆ ನಾಚ್ತಾರೇನು?"

ಯಜಮಾನರ ಗುಂಪಿಗೆ ಚಿತ್ರ ಸಿಗಲಿಲ್ಲ. ರುದ್ರವ್ವ ಅವರಿಗೆ ಉಳಿದ ಗೋಪುರವನ್ನು ಮಾರಿದಳು. ಆಮೇಲೆ ಹಿಟ್ಟಿನ ಡಬ್ಬಿಯ ಸಪ್ಪಳ ಆ ದಿನವಿಡೀ ಕೇಳಿಸಿತು.

ಕೊಟ್ರೇಶನಿಗೆ ರೋಸಿಹೋಯಿತು. ಜೋಳಿಗೆ ಕಟ್ಟಿದ. ಹೋಗುವ ಮುಂಚೆ ಮೂರೂ ಚಿತ್ರಗಳನ್ನು ಆ ಮಂಟಪಕ್ಕೇ ಒಪ್ಪಿಸಿ ಋಣ ಹರಿದುಕೊಳ್ಳುತ್ತೇನೆ ಅಂತ ಮಧ್ಯಾಹ್ನದ ಉರಿಬಿಸಿಲಲ್ಲಿ ಹೊರಟ.

ಮೂರರ ಸುರುಳಿಯನ್ನೂ ಬಿಚ್ಚಿ, ಮಂಟಪದ ಎದುರು ಕೋಲು ಊರಿ ಸಿಕ್ಕಿಸಿ ನಿಲ್ಲಿಸಿದ. ನೋಡ್ಕೊ, ಹೊಟ್ಟೆ ತುಂಬ ನೋಡ್ಕೊ, ಅಂತ ಬೈದ. ಕಾಲು ಸುಡುತ್ತಿತ್ತು. ನೆರಳಿಗೆಂದು ಮಂಟಪದ ಒಳಗೆ ಹೋಗಿ ಕೂತ.

ಅಲ್ಲಿ ಅವನು ಕೂತದ್ದು ಅದೇ ಮೊದಲು. ಇಷ್ಟು ದಿನ ಬೀಗರ ಮನೆಗೆ ಬಂದವನ ಹಾಗೆ ಹೊರಗೇ ನಿಂತು ನೋಡಿ ಹೋಗಿದ್ದ. ಒಳಗೆ ಕಲ್ಲು ತಣ್ಣಗಿತ್ತು. ಯಾರು ಯಾರೋ ಕೂತು ಕೂತು ನೆಲ ನುಣುಪಾಗಿತ್ತು.

ಅಲ್ಲಿಂದ ಅವನ ಮೂರು ಚಿತ್ರಗಳೂ ಅವನನ್ನೇ ನೋಡುತ್ತಿದ್ದವು. ಬಿರುಕಿನ ಮಂಟಪ, ಕಳಸದ ಮಂಟಪ, ಬರೀ ಮಂಟಪ.

ಹೊಳೆಯ ಮೇಲಿಂದ ಗಾಳಿ ಬೀಸಿತು. ಮೂರೂ ಒಂದರ ಮೇಲೊಂದು ಬೋರಲು ಬಿದ್ದವು.

ಅವು ಬಿದ್ದ ಮೇಲೆ ಅವುಗಳ ಹಿಂದೆ ಇದ್ದದ್ದು ಕಾಣಿಸಿತು.

ಎರಡು ಕಂಬಗಳ ನಡುವೆ ಹೊಳೆ. ನಡುನೀರಲ್ಲಿ ಒಂದು ಹರಿಗೋಲು, ಯಾವ ಅವಸರವೂ ಇಲ್ಲದ್ದು. ಆಚೆದಡದಲ್ಲಿ ಬಟ್ಟೆ ಒಗೆಯುವ ಬಂಡೆಗಳು, ಅವುಗಳಾಚೆ ಮೇಲೇರುವ ಕಾಲುದಾರಿ, ದಾರಿಯ ತುದಿಗೆ ಊರು. ಸುಣ್ಣ ಬಳಿದ ಒಂದು ಮನೆಯ ಮಾಳಿಗೆಯ ಮೇಲೆ ಯಾರೋ ಮೆಣಸಿನಕಾಯಿ ಒಣಹಾಕಿದ್ದರು. ಅಷ್ಟು ದೂರದಿಂದ ಅದೊಂದು ಕೆಂಪು ಚಾಪೆ.

ಕೊಟ್ರೇಶ ವಾಲಿದ ಕಂಬದ ಕಡೆ ನೋಡಿದ. ಕಟ್ಟೆಯ ಮೇಲೆ ಕೂತ ಮುದುಕ, ದಾರಿಯಲ್ಲಿ ಬರುತ್ತಿರುವವರು ಯಾರು ಅಂತ ಕತ್ತು ಮುಂದೆ ಚಾಚಿದ ಹಾಗಿತ್ತು ಅದು.

ಬರೆಯುವಾಗ ತಾನು ಇಷ್ಟು ದಿನ ಬೆನ್ನು ಹಾಕಿ ಕೂತದ್ದು ಯಾವುದಕ್ಕೆ ಅಂತ ಅವನಿಗೆ ಆಗ ಗೊತ್ತಾಯಿತು.

ಹೊತ್ತು ಇಳಿದು, ಹರಿಗೋಲು ಆಚೆದಡ ಮುಟ್ಟಿ, ಮಾಳಿಗೆಯ ಮೇಲೆ ಒಬ್ಬಾಕೆ ಬಂದು ಕೆಂಪು ಚಾಪೆಯನ್ನು ಬಾಚಿ ಮೊರಕ್ಕೆ ತುಂಬುವವರೆಗೂ ಅವನು ಎದ್ದೇಳಲಿಲ್ಲ.

ಮರುದಿನ ಜೋಳಿಗೆ ಬಿಚ್ಚಿ ಕುಂಚ ತೆಗೆದ. ಅದೇ ನುಣುಪು ನೆಲದ ಮೇಲೆ ಕೂತು ಬರೆದ. ಮಂಟಪದ್ದು ಬಂದದ್ದು ಎರಡು ಕಂಬಗಳ ಅಂಚು, ಮೇಲಿನ ತೊಲೆಯ ಒಂದು ತುಂಡು ನೆರಳು. ಮಿಕ್ಕಿದ್ದೆಲ್ಲ ಅದರ ಎದುರಿಗಿದ್ದದ್ದು.

ಮುಗಿದ ಮೇಲೆ ಅಜ್ಜಾರ ಮುಂದಿಟ್ಟ.

"ಏನಂತು?"

"ಏನೂ ಅನ್ಲಿಲ್ರಿ ಅಜ್ಜಾರ. ಅದು ಆ ಕಡಿ ನೋಡ್ತಿತ್ತು. ನಾನೂ ಬಾಜೂಕ ಕುಂತು ನೋಡಿದೆ."

ಅಜ್ಜಾರು ಬಟ್ಟೆಯನ್ನು ಮೂಗಿಗೆ ತಾಗಿಸಿ, ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಸರಿಸಿದರು. ಕೆಂಪು ಚಾಪೆಯ ಹತ್ತಿರ ಒಂದಿಷ್ಟು ನಿಂತರು.

"ತಂತಿಗೆ ಹಾಕು."

ಏರಿದ್ದೇನೋ ಏರಿತು. ಕೊಳ್ಳುವವರು ಬೇಕಲ್ಲ. ಮಂಟಪ ಎಲ್ಲಪ್ಪಾ ಇದರಲ್ಲಿ, ಅಂತ ಯಾತ್ರಿಕರು ಕೇಳುತ್ತಿದ್ದರು. ನೀವು ಅದರೊಳಗೇ ಇದ್ದೀರಿ ಅಂತ ಕೊಟ್ರೇಶ ಅಂದರೆ, ಅವರಿಗೆ ಕಾಲ ಕೆಳಗೆ ನೋಡಿಕೊಳ್ಳಬೇಕು ಅನ್ನಿಸುತ್ತಿತ್ತೇ ಹೊರತು ಕೊಳ್ಳಬೇಕು ಅನ್ನಿಸುತ್ತಿರಲಿಲ್ಲ. ಅಷ್ಟು ಜಾಗದಲ್ಲಿ ಒಂದಿಷ್ಟು ಶಾವಿಗೆ ಒಣಗುತ್ತಿತ್ತು ಅಂತ ರುದ್ರವ್ವ ಬಂದವರಿಗೆಲ್ಲ ಕೇಳುವ ಹಾಗೆ ಹೇಳಿದಳು.

ಕೊಟ್ರೇಶನ ಗಡುವು ಮುಗಿಯುತ್ತ ಬಂದಿತ್ತು. ಚಿತ್ರ ತಂತಿ ಏರಿದೆ, ಆದರೆ ಒಲೆ ಉರಿಸದ ಚಿತ್ರವನ್ನು ಬರೆದು ಇಲ್ಲಿ ಉಳಿಯುವುದು ಹೇಗೆ?

ಕಾರ್ತಿಕದ ಕೊನೆಯ ಸೋಮವಾರ ಆಚೆದಡದಿಂದ ಹರಿಗೋಲಿನಲ್ಲಿ ಜನ ಬಂದರು. ಅವರು ಗುಡಿಗೆ ದೀಪ ಹಚ್ಚಲು ಬರುವವರು, ಚಿತ್ರಕ್ಕಲ್ಲ. ಆ ಊರವರು ತಂತಿಯ ಕಡೆ ಕತ್ತೆತ್ತಿಯೂ ನೋಡಿದವರಲ್ಲ. ದಿನವೂ ಬಾಗಿಲು ತೆಗೆದರೆ ಪುಕ್ಕಟೆ ಕಾಣುವ ಮಂಟಪವನ್ನು ದುಡ್ಡು ಕೊಟ್ಟು ಕೊಳ್ಳುವ ಬುದ್ಧಿ ಯಾರಿಗೆ ಬರುತ್ತದೆ?

ಅವರಲ್ಲಿ ಒಬ್ಬಾಕೆ, ತಿಪ್ಪವ್ವ ಅಂತ, ನಡೆಯುತ್ತಿದ್ದವಳು ನಿಂತಳು. ಎಣ್ಣೆಬಟ್ಟಲು ರುದ್ರವ್ವನ ಕೈಗೆ ಕೊಟ್ಟು ಚಿತ್ರದ ಹತ್ತಿರ ಹೋದಳು. ಬೆರಳಿನಿಂದ ಕಾಲುದಾರಿ ಹಿಡಿದು ಮೇಲೆ ಹೋದಳು. ಸುಣ್ಣದ ಮನೆಯ ಹತ್ತಿರ ಬೆರಳು ನಿಂತಿತು.

"ಇದು ನನ್ನ ಮೆಣಸಿನಕಾಯಿ," ಅಂದಳು.

ಅವಳು ತಿರುಗಿ, ಮರಗಳಾಚೆ ನಿಂತಿದ್ದ ಮಂಟಪವನ್ನು ನೋಡಿದಳು. ಮದುವೆಯಾಗಿ ಆ ಊರಿಗೆ ಬಂದ ದಿನದಿಂದ ಕಂಡದ್ದೇ.

"ನಾವು ಅದನ್ನ ನೋಡ್ತೀವಿ ಅಂತ ತಿಳಕೊಂಡಿದ್ದೆ. ಅದೂ ನಮ್ಮನ್ನ ನೋಡ್ತಿತ್ತೇನ?"

ಆ ಚಿತ್ರಕ್ಕೆ ಅವಳು ಏನು ಕೊಟ್ಟಳೋ ರುದ್ರವ್ವ ಹೇಳಲಿಲ್ಲ. ಮಳೆಗಾಲದವರೆಗೂ ಆಶ್ರಮದಲ್ಲಿ ಊಟಕ್ಕೆ ಕೆಂಪುಖಾರ ಮಾತ್ರ ತಪ್ಪಲಿಲ್ಲ. ಮುಂದಿನ ಸೋಮವಾರ ಆಚೆದಡದವರು ಎರಡು ಹರಿಗೋಲಿನಲ್ಲಿ ಬಂದು, ನಮ್ಮ ಓಣಿ ಯಾಕೆ ಬರಲಿಲ್ಲ ಅಂತ ಕೊಟ್ರೇಶನ ಜತೆ ಜಗಳಕ್ಕೆ ನಿಂತರು ಅನ್ನುವುದೂ ನಿಜ. ಭಾವನಿಗೆ ಅವನು ಹೇಳಿಕಳಿಸಿದ್ದು ಇಷ್ಟೇ: ಬೋರ್ಡಿಗೆ ಬೇರೆಯವರನ್ನ ನೋಡು.

ಆದರೆ ತಿಪ್ಪವ್ವ ಕೊಂಡ ಆ ದಿನ, ತಂತಿಯಿಂದ ಚಿತ್ರ ಇಳಿಸುವಾಗ ಅವನ ಕೈ ತಡೆಯಿತು. ಇದೊಂದು ಇಲ್ಲೇ ಇರಲಿ ಅಜ್ಜಾರ, ಇನ್ನೊಂದು ಬರೆದು ಕೊಡುತ್ತೇನೆ, ಅಂದ.

"ಮಂಟಪ ಯಾವತ್ತರೆ ಹೊಳೀನ ಹಿಡಕೊಂಡು ಕುಂತೈತೇನು?" ಅಂದರು ಅಜ್ಜಾರು.

ಕೊಟ್ರೇಶ ಇಳಿಸಿ ಕೊಟ್ಟ.

ತಿಪ್ಪವ್ವ ಚಿತ್ರವನ್ನು ಕಂಕುಳಲ್ಲಿ ಅವುಚಿಕೊಂಡು ಅಜ್ಜಾರ ಕಾಲು ಮುಟ್ಟಿದಳು. ಇದನ್ನು ಒಳಕೋಣೆಯಲ್ಲಿ, ಯಾರ ಕಣ್ಣೂ ಬೀಳದ ಕಡೆ ಭದ್ರವಾಗಿ ತೂಗುಹಾಕುತ್ತೇನೆ ಅಂದಳು. ಗೋಡೆಗೆ ಎಂಥ ಮೊಳೆ ಹೊಡೆಯಬೇಕು ಅಂತ ಕೇಳಿದಳು.

"ಮೊಳಿ ಆಮ್ಯಾಲ ಹೊಡಿಯವ್ವ," ಅಂದರು ಅಜ್ಜಾರು. "ಮೊದಲು ಊರಿಗೆ ಮುಖ ತೋರಿಸು. ನೋಡಿದವರಿಗೂ ಹೇಳು, ಮತ್ತೊಬ್ಬರನ್ನ ಕರದು ತೋರಿಸ್ಲಿ."